ಜುಲೈನಲ್ಲಿ ಕುದುರೆಮುಖ ಚಾರಣ: ಶೂ, ಇಂಬಳ, ಮಳೆಯಂಗಿ ಬಗ್ಗೆ ಸಲಹೆ ಬೇಕು

ಬನಶಂಕರಿ_ನಡಿಗೆ:
ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಿಂದ ಕಳಸದ ಬಸ್ಸು, ಶನಿವಾರ ಚಾರಣ, ಅಂದೇ ರಾತ್ರಿ ವಾಪಸ್. ನಾಲ್ವರಿದ್ದೇವೆ. ಸಾವನದುರ್ಗ, ಸ್ಕಂದಗಿರಿ ಹತ್ತಿ ರೂಢಿಯಿದೆ, ಮಲೆನಾಡಿನ ಮಳೆ ಹೊಸದು. ವಾಟರ್‌ಪ್ರೂಫ್ ಶೂ ಬೇಕಾ? ಇಂಬಳಕ್ಕೆ ಉಪ್ಪು ಸಾಕಾ? ಮಳೆಗೆ ಪೊಂಚೊನಾ (ತಲೆಯಿಂದ ಇಳಿಬಿಡುವ ಸಡಿಲ ಮಳೆಹೊದಿಕೆ), ಜಾಕೆಟ್ಟಾ?

ಕೆಸರುಗಾಲು:
ವಾಟರ್‌ಪ್ರೂಫ್ ಶೂ ದುಡ್ಡು ದಂಡ. ಹಳ್ಳ ದಾಟುವಾಗ ನೀರು ಮೇಲಿಂದ ಒಳಗಿಳಿಯುತ್ತೆ, ಆಮೇಲೆ ಅದೇ ಒಳಪದರ ನೀರನ್ನು ಹೊರಗೆ ಬಿಡಲ್ಲ. ಜಾಳುಬಟ್ಟೆಯ ಶೂ ಆದರೆ ಹತ್ತು ಹೆಜ್ಜೆಗೆ ನೀರು ಹಿಂಡಿಹೋಗುತ್ತೆ. ನೋಡಬೇಕಾದ್ದು ಅಡಿಭಾಗ: 4-5 ಮಿ.ಮೀ. ಆಳದ ಹಲ್ಲುಗಳು, ನಡುವೆ ಸಾಕಷ್ಟು ಜಾಗ. ಒತ್ತೊತ್ತಾಗಿದ್ದರೆ ಕೆಸರು ಮೆತ್ತಿ ಅಡಿ ಸಪಾಟಾಗಿಬಿಡುತ್ತೆ. ಪಾಚಿ ಕಟ್ಟಿದ ಬಂಡೆ ಮೇಲೆ ಮಾತ್ರ ಯಾವ ಶೂ ಕೂಡ ನಿಲ್ಲಲ್ಲ. ಹೊಸ ಶೂ ಹಾಕ್ಕೊಂಡು ನೇರ ಬರಬೇಡಿ, ಒದ್ದೆ ಕಾಲ್ಚೀಲದ ಜೊತೆ ಸೇರಿದರೆ ಬೊಬ್ಬೆ ಗ್ಯಾರಂಟಿ. ತುದಿಯಿಂದ ಇಳಿಯುವ ಮುಂಚೆ ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಿ, ಇಲ್ಲದಿದ್ದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತೆ.

ಪೊಂಚೊ ಬೇಡ. ಬೋಳುಗುಡ್ಡದ ಗಾಳಿಗೆ ಮುಖಕ್ಕೇ ಮಗುಚಿಕೊಳ್ಳುತ್ತೆ. ಟೋಪಿಯಿರುವ ಜಾಕೆಟ್ ಸಾಕು. ಬ್ಯಾಗಿನ ಹೊದಿಕೆ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ತಿರುಚಿ ಕಟ್ಟಿ. ರಾತ್ರಿ ಬಸ್ಸಿನ ಒಣಬಟ್ಟೆ ಮೇಲಕ್ಕೆ ಒಯ್ಯದೆ ಕೆಳಗೇ ಬಿಟ್ಟುಹೋಗಿ.

ಶೋಲಾ_ಹಾದಿ:
ಉಪ್ಪು ಮೊದಲ ಮಳೆಗೇ ತೊಳೆದುಹೋಗುತ್ತೆ. ಮಾಮೂಲಿ ಕಾಲ್ಚೀಲದ ಹೆಣಿಗೆಯ ಸಂದಿನಲ್ಲೂ ಇಂಬಳ ಬಾಯಿ ತೂರಿಸುತ್ತೆ. ಒತ್ತಾಗಿ ನೇಯ್ದ ಇಂಬಳದ ಕಾಲ್ಚೀಲ ತಗೊಳ್ಳಿ. ಮಾಮೂಲಿ ಕಾಲ್ಚೀಲದ ಮೇಲೆ ಅದನ್ನು ಹಾಕಿ, ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ, ಮಂಡಿ ಕೆಳಗೆ ದಾರ ಬಿಗಿಯಿರಿ. ಕಚ್ಚಿದ್ದರ ಮೇಲೆ ಉಪ್ಪು ಸುರಿಯಬೇಡಿ, ಹೀರಿದ್ದನ್ನು ಗಾಯಕ್ಕೇ ಕಕ್ಕಬಹುದು. ಸಪೂರ ತುದಿಯೇ ಬಾಯಿ, ಅದರಡಿ ಉಗುರು ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಇಂಬಳ ಹಿರುಡಿನ್ ಅನ್ನೋ ರಸ ಬಿಟ್ಟಿರುತ್ತೆ, ಹಾಗಾಗಿ ಗಂಟೆಗಟ್ಟಲೆ ಒಸರಿದರೂ ಗಾಬರಿ ಬೇಡ. ಸೋಪು ಹಾಕಿ ತೊಳೆದು ಒತ್ತಿ ಹಿಡಿಯಿರಿ. ಕಾಟ ಜಾಸ್ತಿ ಇರೋದು ಶೋಲಾ ಕಾಡಿನ (ಗುಡ್ಡಗಳ ಸಂದಿನ ದಟ್ಟ ಕಾಡು) ಎಲೆರಾಶಿಯಲ್ಲಿ. ಕೂತು ಬುತ್ತಿ ಬಿಚ್ಚುವುದಾದರೆ ಬಯಲಿಗೆ ಬನ್ನಿ.

ಕಳಸದ_ಕಡೆಯವ:
ಎಲ್ಲಕ್ಕಿಂತ ಮೊದಲು ಅರಣ್ಯ ಇಲಾಖೆಯ ಜಾಲತಾಣದಲ್ಲಿ ಬುಕ್ ಮಾಡಿ. ದಿನಕ್ಕೆ ಇಂತಿಷ್ಟೇ ಜನ. ರೆಡ್ ಅಲರ್ಟ್ ಬಂದರೆ ಬುಕ್ಕಿಂಗ್ ಇದ್ದರೂ ನಿಲ್ಲಿಸಬಹುದು. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು. ಅಲ್ಲಿಂದ 1,894 ಮೀಟರಿನ ತುದಿಗೆ ಹೋಗಿಬರಲು ಸುಮಾರು 20 ಕಿ.ಮೀ., ಮಳೆಯಲ್ಲಿ 8-9 ಗಂಟೆ. ಬೆಳಿಗ್ಗೆ ಏಳರೊಳಗೆ ಹೊರಡಿ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ, ತುದಿ ಎದುರಿಗೇ ಕಂಡರೂ ಸರಿ. ಜಾರುವ ಹಾದಿಯಲ್ಲಿ ಇಳಿಯೋಕೂ ಹತ್ತಿದಷ್ಟೇ ಹೊತ್ತು ಹಿಡಿಯುತ್ತೆ.

ಹಳ್ಳದ ನೀರು ಕೆಂಪಾಗಿ, ಎಲೆ ಕಡ್ಡಿ ತೇಲಿಬರುತ್ತಿದ್ದರೆ ಮೇಲೆ ಮಳೆ ಜೋರಾಗಿದೆ ಅಂತ ಅರ್ಥ. ಮಂಡಿವರೆಗೆ ಸೆಳೆತ ಇದ್ದರೆ ದಾಟಬೇಡಿ, ನೀರು ಇಳಿಯುವವರೆಗೆ ಕಾಯಿರಿ. ದಾಟುವಾಗ ಕಿರಿದಾದ ಜಾಗ ಬಿಟ್ಟು ಅಗಲವಾದ ಜಾಗ ನೋಡಿ, ಬ್ಯಾಗಿನ ಸೊಂಟಪಟ್ಟಿ ಬಿಚ್ಚಿಕೊಳ್ಳಿ.

ಬನಶಂಕರಿ_ನಡಿಗೆ:
ಧನ್ಯವಾದ ಸರ್. ಒಬ್ಬರಿಗೆ ಮಂಡಿನೋವಿದೆ, ನಡೆಯುತ್ತಾ?

ಕಳಸದ_ಕಡೆಯವ:
ಹತ್ತೋಕೆ ತೊಂದರೆಯಿಲ್ಲ, ಇಳಿಯುವಾಗ ಕಷ್ಟ. ಅವರಿಗೋಸ್ಕರ ಕುರಿಂಜಾಲು ಬೆಟ್ಟ ನೋಡಿ, ಹಾದಿ ಚಿಕ್ಕದು. ಅದಕ್ಕೂ ಬುಕ್ಕಿಂಗ್ ಬೇಕು.