ಕ್ಯುವೇ: ತೊಟ್ಟಿಯೋ, ಮೊದಲ ಹಿಂಡಿನ ರಸವೋ, ಬರೀ ಹೆಸರೋ?

ಬಳಗದವರಿಗೆಲ್ಲ ನಮಸ್ಕಾರ.

ವೈನ್ ಕುರಿತ ಇಂಗ್ಲಿಷ್ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದೇನೆ. ‘ಕ್ಯುವೇ’ ಎಂಬ ಫ್ರೆಂಚ್ ಪದ ಮತ್ತೆ ಮತ್ತೆ ಎದುರಾಗುತ್ತಿದೆ. ಇಂಗ್ಲಿಷಿನವರು ಅದನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡಿದ್ದಾರೆ. ಒಂದು ಕಡೆ ‘ಮಿಶ್ರಣ’ ಎಂದರೆ ಸರಿಹೋಗುತ್ತದೆ, ಮುಂದಿನ ಪುಟದಲ್ಲೇ ಅದು ತಪ್ಪಾಗುತ್ತದೆ. ಎಲ್ಲ ಕಡೆಗೂ ಒಂದೇ ಕನ್ನಡ ಪದ ಹಾಕಲು ಬರುವುದಿಲ್ಲ ಎಂಬುದು ನನಗೆ ಖಚಿತವಾಗಿದೆ. ಯಾಕೆಂದು ಹೇಳಿ, ನಿಮ್ಮ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಮೊದಲು ಪದದ ಹುಟ್ಟು. ‘ಕ್ಯುವ್’ ಎಂದರೆ ದ್ರಾಕ್ಷಿರಸ ಹುದುಗು ಬರಲು ಬಿಡುವ ದೊಡ್ಡ ತೊಟ್ಟಿ. ಅದಕ್ಕೆ ‘ಏ’ ಪ್ರತ್ಯಯ ಹತ್ತಿದರೆ ‘ಅಷ್ಟು ತುಂಬ’ ಎಂಬ ಅಳತೆಯ ಅರ್ಥ ಬರುತ್ತದೆ. ‘ಬೂಶ್’ ಎಂದರೆ ಬಾಯಿ, ‘ಬೂಶೇ’ ಎಂದರೆ ತುತ್ತು. ‘ಪ್ವಾಂ’ ಎಂದರೆ ಮುಷ್ಟಿ, ‘ಪ್ವಾನ್ಯೇ’ ಎಂದರೆ ಒಂದು ಹಿಡಿ. ಹಾಗೆಯೇ ಕ್ಯುವೇ ಎಂದರೆ ಒಂದು ತೊಟ್ಟಿಯಷ್ಟು ವೈನ್. ಕ್ಯುವ್‌ನ ಮೂಲ ಲ್ಯಾಟಿನ್ನಿನ ‘ಕೂಪ’, ಅಂದರೆ ಪೀಪಾಯಿ. ಇದನ್ನು ಸಂಸ್ಕೃತದ ‘ಕೂಪ’ದ ಜೊತೆ ಭಾಷಾವಿದರು ಹೋಲಿಸುತ್ತಾರೆ. ಕೂಪಮಂಡೂಕದಲ್ಲಿರುವುದೂ ಅದೇ ಕೂಪ ಎಂದು ತಿಳಿದಾಗ ನನಗಾದ ಸಂತೋಷವನ್ನು ಈ ಬಳಗದಲ್ಲದೆ ಬೇರೆ ಯಾರ ಬಳಿ ಹೇಳಿಕೊಳ್ಳಲಿ!

ನೊರೆವೈನಿಗೆ ಹೆಸರಾದ ಫ್ರಾನ್ಸಿನ ಶಾಂಪೇನ್ ಸೀಮೆಗೆ ಹೋದರೆ ಪದಕ್ಕೆ ಇನ್ನೊಂದು ಅರ್ಥವಿದೆ, ಅದೂ ಲೀಟರ್ ಲೆಕ್ಕದಲ್ಲಿ. ಅಲ್ಲಿ ದ್ರಾಕ್ಷಿಯನ್ನು ಕೈಯಲ್ಲೇ ಕೊಯ್ಯಬೇಕು. ಗೊಂಚಲನ್ನು ಬಿಡಿಸದೆ, ಜಜ್ಜದೆ ಇಡಿಯಾಗಿ ಹಿಂಡುವ ಯಂತ್ರಕ್ಕೆ ಹಾಕುತ್ತಾರೆ. ಸಾಂಪ್ರದಾಯಿಕ ಲೆಕ್ಕದಲ್ಲಿ ಒಂದು ಸಲಕ್ಕೆ 4,000 ಕಿಲೋ. ಅದರಿಂದ 2,550 ಲೀಟರ್ ರಸ ತೆಗೆಯಬಹುದು, ಹೆಚ್ಚಿಗೆ ಇಲ್ಲ. ಮೊದಲು ಬರುವ 2,050 ಲೀಟರ್‌ಗೆ ಕ್ಯುವೇ ಎಂದು ಹೆಸರು, ಆಮೇಲಿನ 500 ಲೀಟರ್‌ಗೆ ‘ತಾಯ್’. ಎರಡನ್ನೂ ಬೇರೆ ಬೇರೆ ತುಂಬಿಸುತ್ತಾರೆ. ಮೊದಲ ರಸದಲ್ಲಿ ಸಕ್ಕರೆಯೂ ಹುಳಿಯೂ ಚೆನ್ನಾಗಿರುತ್ತವೆ, ಹಾಗಾಗಿ ಅದರ ವೈನ್ ವರ್ಷಗಟ್ಟಲೆ ಇಟ್ಟರೂ ತಾಳುತ್ತದೆ. ಹಿಂಡುತ್ತಾ ಹೋದಂತೆ ಹುಳಿ ಇಳಿದು ಸಿಪ್ಪೆಯ ಬಣ್ಣ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಪೀನೋ ನುವಾರ್‌ನಂಥ ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್ ಮಾಡುವವರಿಗೆ ಇದು ಸಣ್ಣ ಸಂಗತಿಯಲ್ಲ. ಇಲ್ಲಿ ಕ್ಯುವೇಗೆ ‘ಮಿಶ್ರಣ’ ಎಂದು ಬರೆದರೆ ವಾಕ್ಯದ ಅರ್ಥವೇ ತಲೆಕೆಳಗಾಗುತ್ತದೆ.

ಆದರೆ ಅದೇ ಶಾಂಪೇನ್‌ನಲ್ಲಿ, ಬೇರೆ ಬೇರೆ ತೋಟಗಳ, ಬೇರೆ ಬೇರೆ ವರ್ಷಗಳ ವೈನುಗಳನ್ನು ಕೂಡಿಸಿದ ಮೇಲೆ ಆ ಕೂಡಿಕೆಗೂ ಕ್ಯುವೇ ಎನ್ನುತ್ತಾರೆ. ಶಾಂಪೇನ್ ತಯಾರಿಸುವ ಸಂಸ್ಥೆಗಳನ್ನು ಅಲ್ಲಿ ‘ಮನೆತನ’ ಎನ್ನುತ್ತಾರೆ; ಅಂಥ ಕ್ರುಗ್ ಮನೆತನದ ‘ಗ್ರಾಂಡ್ ಕ್ಯುವೇ’ ಇಂಥದ್ದು. ಇನ್ನು ಒಂದು ಮನೆತನ ತನ್ನ ಅತ್ಯುತ್ತಮ ವೈನಿಗೆ ಕೊಡುವ ಹೆಸರು ‘ಪ್ರೆಸ್ಟೀಜ್ ಕ್ಯುವೇ’. 1921ರ ಬೆಳೆಯಿಂದ ಮಾಡಿ 1936ರಲ್ಲಿ ಮಾರುಕಟ್ಟೆಗೆ ಬಂದ ಡಾಂ ಪೆರಿನ್ಯೋನ್ ಈ ಬಗೆಯದು.

ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬರ್ಗಂಡಿಯ ಬೋನ್ ಪಟ್ಟಣದಲ್ಲಿ ಪದದ ಬಳಕೆ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿನ ಧರ್ಮಾಸ್ಪತ್ರೆಯನ್ನು 1443ರಲ್ಲಿ ನಿಕೊಲಾ ರೋಲಾಂ ಮತ್ತು ಅವರ ಪತ್ನಿ ಗಿಗೋನ್ ದ ಸಲಾಂ ಸ್ಥಾಪಿಸಿದರು. ಆಸ್ಪತ್ರೆಗೆ ದಾನವಾಗಿ ಬಂದ ದ್ರಾಕ್ಷಿತೋಟಗಳ ವೈನನ್ನು 1859ರಿಂದ ಹರಾಜು ಹಾಕುತ್ತಾ ಬಂದಿದ್ದಾರೆ. ಒಂದೊಂದು ಕ್ಯುವೇಗೂ ಹೆಸರಿದೆ, ಬಹುಪಾಲು ದಾನಿಗಳದ್ದೇ. ‘ಕ್ಯುವೇ ನಿಕೊಲಾ ರೋಲಾಂ’ ಎಂದರೆ ಇಂಥ ತೋಟಗಳ ಹಣ್ಣಿನಿಂದ ಮಾಡಿ ಬೇರೆಯಾಗಿ ಇಟ್ಟ ವೈನ್ ಎಂದರ್ಥ. ತೊಟ್ಟಿಯ ಮೂಲ ಅರ್ಥ ಇಲ್ಲಿ ಇನ್ನೂ ಜೀವಂತವಾಗಿದೆ.

ಇಂಗ್ಲಿಷ್ ಲೇಬಲ್‌ಗೆ ಬರುವ ಹೊತ್ತಿಗೆ ಇದೆಲ್ಲ ಕರಗಿಹೋಗಿರುತ್ತದೆ. ಲೇಬಲ್ ಮೇಲೆ ಕ್ಯುವೇ ಎಂದಿದ್ದ ಮಾತ್ರಕ್ಕೆ ಒಳಗಿನ ವೈನ್ ಮೇಲ್ದರ್ಜೆಯದು ಎಂಬ ಖಾತರಿಯನ್ನು ಯಾವ ಕಾನೂನೂ ಕೊಡುವುದಿಲ್ಲ. ಈಗ ಬಿಯರ್‌ಗೂ ಕಾಫಿಗೂ ಆ ಹೆಸರು ಹಚ್ಚುತ್ತಾರೆ. ಅಂಥ ಕಡೆ ‘ವಿಶಿಷ್ಟ’, ‘ಶ್ರೇಷ್ಠ’ ಎಂದು ಅನುವಾದಿಸಿದರೆ ಮಾರುವವರು ಬಾಯಿಬಿಟ್ಟು ಹೇಳದ ಮಾತನ್ನು ಅನುವಾದಕರೇ ಹೇಳಿಕೊಟ್ಟಂತಾಗುತ್ತದೆ. ಅದು ಓದುಗರಿಗೆ ಮಾಡುವ ಅನ್ಯಾಯ. ಅಲ್ಲಿ ‘ಕ್ಯುವೇ’ಯನ್ನು ಅಂಕಿತನಾಮವೆಂದೇ ಬಗೆದು ಕನ್ನಡ ಲಿಪಿಯಲ್ಲಿ ಹಾಗೆಯೇ ಬಿಡುವುದು ಲೇಸು. ಫ್ರೆಂಚರ ‘ಯು’ ಸ್ವರ ನಮ್ಮಲ್ಲಿಲ್ಲ. ‘ಕುವೇ’ಗಿಂತ ‘ಕ್ಯುವೇ’ ಅದಕ್ಕೆ ಹತ್ತಿರ.

ಉಳಿದ ಕಡೆಗೆ ನಾನು ಯೋಚಿಸಿರುವುದು ಹೀಗೆ. ಹಿಂಡುವ ಸಂದರ್ಭದಲ್ಲಿ ‘ಮೊದಲ ಹಿಂಡಿನ ರಸ’, ತಾಯ್‌ಗೆ ‘ಎರಡನೆಯ ಹಿಂಡಿನ ರಸ’. ಶಾಂಪೇನ್ ಮನೆತನಗಳ ಮಾತು ಬಂದಾಗ ‘ಕೂಡಿಕೆ’. ‘ಮಿಶ್ರಣ’ ಎಂದರೆ ಔಷಧದಂಗಡಿಯ ನೆನಪಾಗುತ್ತದೆ, ಮೇಲಾಗಿ ಕಲಬೆರಕೆಯ ಛಾಯೆಯೂ ಅದಕ್ಕೆ ಅಂಟಿಕೊಂಡಿದೆ. ಬೋನ್‌ನಂಥ ಕಡೆಗೆ ಏನು ಬಳಸಬೇಕೆಂಬುದೇ ನನ್ನ ಪ್ರಶ್ನೆ. ಆಲೆಮನೆಯಲ್ಲಿ ಒಂದು ಕೊಪ್ಪರಿಗೆ ಬೆಲ್ಲ ಎನ್ನುವಂತೆ ‘ಒಂದು ತೊಟ್ಟಿ ವೈನ್’, ‘ರೋಲಾಂ ತೊಟ್ಟಿ’ ಎಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಅಥವಾ ‘ಬಾನಿ’ ವಾಸಿಯೇ? ದೊಡ್ಡಬಳ್ಳಾಪುರ, ವಿಜಯಪುರದ ಕಡೆ ವೈನ್ ತಯಾರಿಕೆಯ ಒಡನಾಟವಿರುವವರು ಬಳಗದಲ್ಲಿದ್ದರೆ, ಅಲ್ಲಿ ಕೆಲಸ ಮಾಡುವವರು ಒಂದು ಟ್ಯಾಂಕಿನ ವೈನನ್ನು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ದಯವಿಟ್ಟು ತಿಳಿಸಿ. ಅವರ ಬಾಯಲ್ಲಿ ಇರುವ ಪದ ಸಿಕ್ಕರೆ ನನ್ನ ತೊಟ್ಟಿ, ಬಾನಿ ಎರಡನ್ನೂ ಕೈಬಿಡುತ್ತೇನೆ.