ಹಾಸನದಿಂದ ಡಿಎಸ್‌ಎಲ್‌ಆರ್‌ನಲ್ಲಿ ಎಕ್ಸೋಪ್ಲಾನೆಟ್ ಟ್ರಾನ್ಸಿಟ್ ಹಿಡೀಬಹುದಾ?

ಹಾಸನ್_ಹುಡ್ಗ: ನನ್ ಹತ್ರ 6 ಇಂಚಿನ ಟೆಲಿಸ್ಕೋಪು, ಟ್ರ್ಯಾಕಿಂಗ್ ಮೌಂಟು, ಹಳೇ ಡಿಎಸ್‌ಎಲ್‌ಆರ್ ಇದೆ. ಬೇರೆ ನಕ್ಷತ್ರ ಸುತ್ತೋ ಗ್ರಹ (ಎಕ್ಸೋಪ್ಲಾನೆಟ್) ಅದರ ಮುಂದೆ ಹಾದುಹೋದಾಗ (ಟ್ರಾನ್ಸಿಟ್) ನಕ್ಷತ್ರದ ಬೆಳಕು ಕಮ್ಮಿ ಆಗುತ್ತೆ, ಅದ್ರಿಂದ ಸೈಜ್ ಕಂಡುಹಿಡೀತಾರೆ ಅಂತ ಓದ್ದೆ, ಆದ್ರೆ ಗ್ರಹನೇ ಫೋಟೋದಲ್ಲಿ ಕಾಣಲ್ವಲ್ಲ, ಇಷ್ಟೇ ದಪ್ಪ ಅಂತ ಹೆಂಗ್ ಹೇಳ್ತಾರೆ? ಫ್ರೆಂಡ್ಸು ಎಂಸಿಎಫ್‌ನಲ್ಲಿ ಕೇಳು ಅಂತಾರೆ.

ಕಾಫಿತೋಟ_ಸಿಕೆಎಂ: ಎಂಸಿಎಫ್‌ನೋರು ಇಸ್ರೋ ಸ್ಯಾಟಲೈಟ್ ನೋಡ್ಕೊಳ್ಳೋರು ಗುರೂ, ಅವ್ರನ್ನ ಬಿಟ್ಬಿಡು 😀 ಗ್ರಹ ನಕ್ಷತ್ರದ ತಟ್ಟೆಯಲ್ಲಿ ಎಷ್ಟು ಭಾಗ ಮುಚ್ಚುತ್ತೋ ಬೆಳಕು ಅಷ್ಟೇ ಇಳಿಯುತ್ತೆ, ಅದು ವಿಸ್ತೀರ್ಣದ ಲೆಕ್ಕ ಆಗಿರೋದ್ರಿಂದ ವರ್ಗಮೂಲ ತೆಗೆದ್ರೆ ಅಗಲದ ಅನುಪಾತ ಸಿಗುತ್ತೆ. ಗುರು ಗ್ರಹ ಸೂರ್ಯನ ಹತ್ತನೇ ಒಂದು ಭಾಗ ಅಗಲ, ಅಂದ್ರೆ ಇಳಿಕೆ ಸುಮಾರು ಶೇ 1. ಭೂಮಿ ಆದ್ರೆ ಶೇ 0.01 ಕೂಡ ಇಲ್ಲ, ಅದು ನಮ್ ಕ್ಯಾಮೆರಾ ಕೈಲಿ ಆಗೋ ಕೆಲ್ಸ ಅಲ್ಲ. ಅದಕ್ಕೇ ದೊಡ್ಡ ಗ್ರಹನೇ ಹಿಡೀಬೇಕು.

ಶೆಟ್ಟಿಹಳ್ಳಿ_ಸ್ಕೈ: ಒಂದ್ ವಿಷ್ಯ ಬಿಟ್ರಿ ನೀವು. ಸಿಗೋದು ಬರೀ ಅನುಪಾತ, ನಕ್ಷತ್ರದ ಸೈಜ್ ಬೇರೆ ಕಡೆಯಿಂದ ಬರ್ಬೇಕು, ಅದು ಶೇ 5 ತಪ್ಪಿದ್ರೆ ಗ್ರಹನೂ ಶೇ 5 ತಪ್ಪುತ್ತೆ. ನಕ್ಷತ್ರದ ಅಂಚು ನಡುಭಾಗಕ್ಕಿಂತ ಮಂಕಾಗಿರುತ್ತೆ, ಹಂಗಾಗಿ ಬೆಳಕಿನ ಗ್ರಾಫ್ ತಳ ಚಪ್ಪಟೆ ಬರಲ್ಲ, ಬಟ್ಲು ಥರ ಬರುತ್ತೆ. ತೂಕ ಅಂತೂ ಇದ್ರಲ್ಲಿ ಸಿಗೋದೇ ಇಲ್ಲ, ಅದಕ್ಕೆ ಗ್ರಹದ ಸೆಳೆತದಿಂದ ನಕ್ಷತ್ರ ಎಷ್ಟು ಜಗ್ಗಾಡುತ್ತೆ ಅಂತ ಅದರ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ ಸ್ಪೆಕ್ಟ್ರಮ್‌ನಲ್ಲಿ ನೋಡ್ಬೇಕು. 1999ರಲ್ಲಿ ಮೊದಲ ಸಲ ಟ್ರಾನ್ಸಿಟ್ ಸಿಕ್ಕಿದ ಎಚ್‌ಡಿ 209458 ಬಿ ಅನ್ನೋ ಗ್ರಹ ಗುರುಗಿಂತ ಮೂರನೇ ಒಂದು ಭಾಗ ಜಾಸ್ತಿ ದಪ್ಪ, ತೂಕ ಮಾತ್ರ ಶೇ 70ರಷ್ಟೇ. ಉಬ್ಬಿಹೋಗಿದೆ! ಈ ಎರಡೂ ಅಳತೆ ಸೇರಿದ್ರೇನೇ ಮಜಾ.

ಹಾಸನ್_ಹುಡ್ಗ: ಸೂಪರ್ ಸರ್. ಮೊದ್ಲು ಯಾವ್ದ್ರಿಂದ ಶುರು ಮಾಡ್ಲಿ?

ಕಾಫಿತೋಟ_ಸಿಕೆಎಂ: ಎಚ್‌ಡಿ 189733 ಬಿ ಅನ್ನೋ ಗ್ರಹ. ನಕ್ಷತ್ರ ಸೂರ್ಯನಿಗಿಂತ ಚಿಕ್ಕದು, ಅದಕ್ಕೇ ಇಳಿಕೆ ಶೇ 2.4ರಷ್ಟು ಇದೆ, 2.2 ದಿನಕ್ಕೊಂದ್ಸಲ, ಎರಡು ಗಂಟೆ ಒಳಗೆ ಮುಗಿಯುತ್ತೆ. ಡಂಬೆಲ್ ನೆಬ್ಯುಲಾ ಅನ್ನೋ ಅನಿಲದ ಮೋಡದ ಪಕ್ಕದಲ್ಲೇ ಇದೆ, ಹುಡ್ಕೋಕೆ ಕಷ್ಟ ಇಲ್ಲ. ಮಳೆಗಾಲದಲ್ಲಿ ನಮ್ ಕಡೆ ಆಕಾಶ ಇರೋದೇ ಡೌಟು, ಅಕ್ಟೋಬರ್ ಕೊನೇಲಿ ನೋಡು, ಕತ್ತಲಾಗ್ತಿದ್ದಂಗೆ ನೆತ್ತಿ ಹತ್ರ ಇರುತ್ತೆ. ಫೋಕಸ್ ಸ್ವಲ್ಪ ಕೆಡ್ಸು, ಇಲ್ಲಾಂದ್ರೆ ಬೆಳಕು ಜಾಸ್ತಿಯಾಗಿ ಪಿಕ್ಸೆಲ್ ಪೂರ್ತಿ ಬೆಳ್ಳಗಾಗಿಬಿಡುತ್ತೆ. ರಾ ಫೈಲೇ ಇರ್ಲಿ, ಜೆಪೆಗ್ ಬೇಡ. ಅದೇ ಫ್ರೇಮ್‌ನಲ್ಲಿರೋ ಬೇರೆ ನಕ್ಷತ್ರಗಳ ಜೊತೆ ಹೋಲ್ಸು, ತೆಳು ಮೋಡ ಬಂದ್ರೆ ಎಲ್ಲಾ ಒಟ್ಟಿಗೆ ಮಂಕಾಗುತ್ವೆ, ಟ್ರಾನ್ಸಿಟ್ ಆದ್ರೆ ಇದೊಂದೇ ಇಳಿಯುತ್ತೆ.

ಶೆಟ್ಟಿಹಳ್ಳಿ_ಸ್ಕೈ: ಶುರುವಾಗೋಕೆ ಒಂದ್ ಗಂಟೆ ಮುಂಚೆ, ಮುಗಿದ್ಮೇಲೆ ಇನ್ನೊಂದ್ ಗಂಟೆನೂ ತೆಗೀಬೇಕು, ಇಲ್ಲಾಂದ್ರೆ ಎಷ್ಟು ಇಳೀತು ಅಂತ ಯಾವ್ದಕ್ಕೆ ಹೋಲ್ಸಿ ಹೇಳ್ತೀಯ? ಬ್ಯಾಟ್ರಿ ಎಕ್ಸ್ಟ್ರಾ ಇಟ್ಕೋ.