ಬಾ ಬಾ ಮರಿ ಬಾ

ಮಗಳಿಗೆ ಐದು ತುಂಬಿದೆ, ಪಿಯಾನೊ ಕ್ಲಾಸಿಗೆ ಈಗಲೇ ಸೇರಿಸಬಹುದಾ, ಮನೇಲಿ ಯಾರಿಗೂ ಸಂಗೀತ ಬರಲ್ಲ ಅಂತ ಕೇಳಿದ್ದೀರಿ. ಧಾರಾಳವಾಗಿ ಸೇರಿಸಿ. ನಾನು ಕಲಿಸುವುದೂ ಹೆಚ್ಚಾಗಿ ಆ ವಯಸ್ಸಿನ ಮಕ್ಕಳಿಗೇ. ನಿಮಗೆ ಸಂಗೀತ ಬರದಿದ್ದರೆ ಬೇಡ, ಕನ್ನಡ ಬರುತ್ತದಲ್ಲ, ಸದ್ಯಕ್ಕೆ ಅಷ್ಟು ಸಾಕು. ತಮಾಷೆ ಮಾಡುತ್ತಿಲ್ಲ.

ನನ್ನ ಮಗನಿಗೆ ಕಲಿಸುವಾಗ ಇದು ಹೊಳೆದದ್ದು. ಒಂದೇ ಕೀಯನ್ನು ನಾಲ್ಕು ಸಲ ಸಮವಾಗಿ ಒತ್ತು, ಜೊತೆಗೆ ಎಣಿಸು ಅಂದೆ. ಮನೆಮಾತಿನಲ್ಲೇ ‘ಒಂದು, ಎರಡು, ಮೂರು, ನಾಲ್ಕು’ ಅಂತ ಶುರು ಮಾಡಿದ. ಎರಡಕ್ಕೆ ಬಂದಾಗಲೆಲ್ಲ ಬೆರಳು ತಡವರಿಸುತ್ತಿತ್ತು. ಮೂರು ದಿನ ಅವನನ್ನೇ ಬೈದೆ. ಆಮೇಲೆ ಕಿವಿಗೊಟ್ಟು ಕೇಳಿದರೆ, ಆ ಒಂದು ಪದಕ್ಕೆ ಮಾತ್ರ ಅವನು ‘ರ’ ಮೇಲೆ ಒತ್ತುತ್ತಿದ್ದ! ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆ ಅಲ್ವಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈ ನಾಲ್ಕು ಪದಗಳಿಗೂ ಮೂರು ಮೂರೇ ಮಾತ್ರೆ. ಆದರೆ ಉಳಿದ ಮೂರೂ ಗುರುವಿನಿಂದ ಶುರುವಾಗುತ್ತವೆ, ಬೆರಳು ಊರುವುದಕ್ಕೆ ಜಾಗ ಇರುತ್ತದೆ. ‘ಎರಡು’ ಪೂರ್ತಿ ಲಘು. ಎಲ್ಲಿ ಊರಬೇಕು ಅಂತ ಐದು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು, ಪಾಪ.

ಅವತ್ತೇ ಅಂಕಿ ಬಿಟ್ಟು ಪದ ಹಿಡಿದೆ. ಒಂದು ಬೀಟ್ (ತಾಳದ ಒಂದು ಎಣಿಕೆ) ಪೂರ್ತಿ ನಿಲ್ಲುವ ಕ್ವಾರ್ಟರ್ ನೋಟ್ ಅಂದರೆ ‘ಬಾ’. ಅದೇ ಬೀಟಿನಲ್ಲಿ ಎರಡು ಏಯ್ತ್ ನೋಟ್ ಬಂದರೆ ‘ಮರಿ’. ‘ಬಾ ಬಾ ಮರಿ ಬಾ’ ಅಂದರೆ ಸರಿಯಾಗಿ ನಾಲ್ಕು ಬೀಟ್. ಚಪ್ಪಾಳೆ ತಟ್ಟುತ್ತಾ ಹೇಳಿ ನೋಡಿ. ಮುಂದೆ ಒಂದು ಬೀಟಿಗೆ ಮೂರು ಬಂದಾಗ ‘ತಕಿಟ’, ನಾಲ್ಕು ಬಂದಾಗ ‘ತಕಧಿಮಿ’ ಇದ್ದೇ ಇದೆ. ಇಂಗ್ಲಿಷ್ ಹೆಸರುಗಳನ್ನು ಟೀಚರ್ ಹೇಳಿಕೊಡಲಿ, ಅವಸರವಿಲ್ಲ. ಕರ್ನಾಟಕದ ಹೊರಗೆ ಬೆಳೆಯುವ ನಮ್ಮ ಮಕ್ಕಳು ‘ಬಳೆ’ಗೂ ‘ಬಾಳೆ’ಗೂ ಒಂದೇ ರಾಗ ಎಳೆಯುತ್ತಾರಲ್ಲ, ಅದೂ ಜೊತೆಜೊತೆಗೇ ಸ್ವಲ್ಪ ಸರಿಹೋಗುತ್ತದೆ.

ಕೀಗಳ ಮೇಲೆ ಅವುಗಳ ಸ್ವರದ ಹೆಸರಿನ ಎ, ಬಿ, ಸಿ ಸ್ಟಿಕ್ಕರ್ ಮಾತ್ರ ಅಂಟಿಸಬೇಡಿ. ನಾನೂ ಮೊದಮೊದಲು ಅಂಟಿಸುತ್ತಿದ್ದೆ. ಮಗು ಸ್ಟಿಕ್ಕರ್ ಓದುತ್ತದೆ, ಕೀ ಕಲಿಯುವುದಿಲ್ಲ. ಕಿತ್ತ ದಿನ ಮತ್ತೆ ಮೊದಲಿನಿಂದ. ಅದರ ಬದಲು ಕಪ್ಪು ಕೀಗಳನ್ನು ಗುರುತಿಟ್ಟುಕೊಳ್ಳಲಿ. ಅವು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ಕೂತಿರುತ್ತವೆ. ಎರಡರ ಗುಂಪಿಗೆ ಎಡಕ್ಕೆ ಅಂಟಿಕೊಂಡಿರುವ ಬಿಳಿ ಕೀ ಯಾವಾಗಲೂ ಸಿ. ಇಷ್ಟು ಗೊತ್ತಾದರೆ ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳುತ್ತಾರೆ.

ವಾದ್ಯ ಶುರುವಿಗೆ 61 ಕೀಗಳ ಕೀಬೋರ್ಡ್ ಆದರೂ ನಡೆಯುತ್ತದೆ. ಆದರೆ ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಅದಿಲ್ಲದಿದ್ದರೆ ಬೆರಳಿಗೆ ಪಿಯಾನೊ ಗೊತ್ತೇ ಆಗುವುದಿಲ್ಲ. ಕೂರುವುದರ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ: ಕಾಲು ನೇತಾಡಬಾರದು. ಕಾಲ ಕೆಳಗೆ ಒಂದು ಗಟ್ಟಿ ಸ್ಟೂಲ್ ಇಡಿ. ಮೊಣಕೈ ಕೀಗಳ ಮಟ್ಟಕ್ಕೆ ಬರುವ ಹಾಗೆ ಸೀಟು ಎತ್ತರಿಸಿ. ‘ಇವನಿಗೆ ಗಮನವೇ ಇಲ್ಲ’ ಅಂತ ಅಪ್ಪ ಅಮ್ಮ ದೂರುವ ಎಷ್ಟೋ ಮಕ್ಕಳು ಸ್ಟೂಲ್ ಇಟ್ಟ ಮೇಲೆ ಸುಮ್ನೆ ಕೂತು ನುಡಿಸಿದ್ದಾರೆ.

ಅಭ್ಯಾಸ ದಿನಕ್ಕೆ ಹತ್ತು ನಿಮಿಷ ಸಾಕು, ದಿನಾ ಆಗಬೇಕು ಅಷ್ಟೇ. ಭಾನುವಾರ ಒಂದು ಗಂಟೆ ಕೂರಿಸಿದರೆ ಜಾಸ್ತಿ ಏನೂ ಆಗುವುದಿಲ್ಲ, ಅಳು ಬರುತ್ತದೆ. ಗ್ರೇಡ್ ಪರೀಕ್ಷೆ ಬಗ್ಗೆ ಈಗಲೇ ಕೇಳಬೇಡಿ.

ಮೊದಲ ವಾರದ ಆಟ ಒಂದು ಹೇಳುತ್ತೇನೆ. ಪೂರ್ತಿ 88 ಕೀಗಳ ಪಿಯಾನೊ ಸಿಕ್ಕಿದಾಗ ಕಪ್ಪು ಕೀಗಳ ಗುಂಪುಗಳನ್ನು ಎಣಿಸು ಅನ್ನಿ. ಎರಡರ ಗುಂಪು ಏಳು, ಮೂರರ ಗುಂಪು ಏಳು, ಒಟ್ಟು 35. ಆದರೆ ಕಪ್ಪು ಕೀ ಇರುವುದು 36. ಎಡಗಡೆ ತುದಿಯಲ್ಲಿ ಒಂದು ಒಂಟಿಯಾಗಿ ನಿಂತಿರುತ್ತದೆ. ಅವಳೇ ಹುಡುಕಲಿ, ನೀವು ಬಾಯಿ ಬಿಡಬೇಡಿ.